ಗೋಲು ಕಾಯುವವನ ನೌಕರಿ
(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಕವಿಗಳನ್ನು, ಶರಣರನ್ನು, ದೇಶಭಕ್ತರನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನಾವು ಒಬ್ಬ ಆಟಗಾರನ ವಿಷಯವನ್ನು ಎತ್ತಿಕೊಂಡಿದ್ದೇವೆ. ಕಾರಣ ಇಷ್ಟೇ. ಪಾಳಿ ಮುಗಿಸಿ ಸಂಜೆ ಇಲ್ಲಿಗೆ ಬರುವ ನಮ್ಮ ತರುಣರು ಪತ್ರಿಕೆಯನ್ನು ಹಿಂದಿನ ಪುಟದಿಂದ ತೆರೆಯುತ್ತಾರೆ; ಆಟದ ಸುದ್ದಿ ಓದಿ ಮಡಚಿಡುತ್ತಾರೆ. ಅವರನ್ನು ಗದರಿಸಿ ಫಲವಿಲ್ಲ. ಆಟದ ಪುಟದಲ್ಲಿಯೇ ದುಡಿದು ಉಣ್ಣುವ ನಮ್ಮಂಥವರಿಗೆ ಏನಾದರೂ ಸಿಕ್ಕೀತೇ ಎಂದು ನಾವು ಹುಡುಕಿದೆವು. ಸಿಕ್ಕವನು ಇಂಗ್ಲೆಂಡಿನ ಗೋಲ್‌ಕೀಪರ್ ಗಾರ್ಡನ್ ಬ್ಯಾಂಕ್ಸ್.

ನಾವು ಮೆಟ್ರಿಕ್ ತನಕ ಓದಿ, ಗಿರಣಿಯ ಕಚೇರಿಯಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವವರು. ಫುಟ್‌ಬಾಲಿನ ಪಂಡಿತರಲ್ಲ. ಆದರೆ ಗೋಲ್‌ಕೀಪರನ ಕೆಲಸ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಹೇಗೆಂದರೆ, 24 ಅಡಿ ಅಗಲ, 8 ಅಡಿ ಎತ್ತರದ ಗೋಲಿನ ಮುಂದೆ ಅವನು ನಿಂತಿರುತ್ತಾನೆ. ಉಳಿದ ಹತ್ತು ಮಂದಿಯಲ್ಲಿ ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ. ಇವನು ತಪ್ಪಿದರೆ ಫಲಕದ ಮೇಲೆ ಅಂಕಿ ಬೀಳುತ್ತದೆ. ತಪ್ಪದೆ ಇದ್ದರೆ ಏನೂ ಬೀಳುವುದಿಲ್ಲ. ಪಗಾರದ ಪುಸ್ತಕವನ್ನು ಹತ್ತು ವರ್ಷ ಸರಿಯಾಗಿ ಬರೆದಾಗ ನಮ್ಮನ್ನು ಕೇಳಿದವರಿಲ್ಲ. ಒಂದು ತಿಂಗಳು ಒಬ್ಬನ ನಾಲ್ಕು ದಿನದ ಹಾಜರಿಯನ್ನು ಇನ್ನೊಬ್ಬನ ಹೆಸರಿಗೆ ಬರೆದುಬಿಟ್ಟೆವು. ಅಂದು ಇಡೀ ಖಾತೆಯೇ ನಮ್ಮ ಮೇಜಿನ ಮುಂದೆ ನಿಂತಿತ್ತು. ಸರಿಯಾಗಿ ಮಾಡಿದಾಗ ಕಾಣದ, ತಪ್ಪಿದಾಗ ಮಾತ್ರ ಕಾಣುವ ಕೆಲಸವನ್ನು ಮನುಷ್ಯ ಹೇಗೆ ಮಾಡಬೇಕು? ಈ ಪ್ರಶ್ನೆಗೆ ಬ್ಯಾಂಕ್ಸನ ಬಾಳಿನಲ್ಲಿ ಉತ್ತರವಿದೆ.

ಅವನು ಹುಟ್ಟಿದ್ದು 1937ನೆಯ ಡಿಸೆಂಬರ್ 30ರಂದು, ಉಕ್ಕಿನ ಊರಾದ ಶೆಫೀಲ್ಡಿನಲ್ಲಿ. ತಂದೆ ಎರಕದ ಕಾರ್ಖಾನೆಯ ಕೆಲಸಗಾರ. ಹುಡುಗ ಹದಿನೈದರ ಸುಮಾರಿಗೆ ಶಾಲೆ ಬಿಟ್ಟು, ಕಲ್ಲಿದ್ದಲು ಮಾರುವವನಲ್ಲಿ ಚೀಲ ತುಂಬುವ ಕೆಲಸಕ್ಕೆ ಸೇರಿದನು. ಆ ಮೇಲೆ ಗಾರೆ ಕೆಲಸದವರಿಗೆ ಇಟ್ಟಿಗೆ ಹೊತ್ತನು. ಈ ಹೊರೆಗಳೇ ತನ್ನ ತೋಳಿಗೆ ಬಲ ಕೊಟ್ಟವೆಂದು ಅವನು ಮುಂದೆ ನೆನೆಯುತ್ತಿದ್ದನು.

ರಾಮಾರ್ಶ್ ಎಂಬ ಊರಿನ ತಂಡಕ್ಕೆ ಅವನು ಮೊದಲ ಸಲ ಗೋಲು ಕಾಯಲು ನಿಂತ ದಿನ ಆ ತಂಡ 12-2ರಿಂದ ಸೋತಿತು. ಮುಂದಿನ ಪಂದ್ಯದಲ್ಲಿಯೂ ಸೋಲು. ಅಲ್ಲಿಗೆ ಅವನನ್ನು ತೆಗೆದುಹಾಕಿದರು. ಹನ್ನೆರಡು ಗೋಲು ಬಿಟ್ಟ ಹುಡುಗ ಮನೆಗೆ ಹೋಗಿ ಕೂತಿದ್ದರೆ ಇಂದು ಅವನ ಹೆಸರೆತ್ತುವವರು ಇರುತ್ತಿರಲಿಲ್ಲ. ಅವನು ತನ್ನ ಹಳೆಯ ಸಣ್ಣ ತಂಡಕ್ಕೇ ಮರಳಿ ಆಡಿದನು. ಅಲ್ಲಿ ಅವನನ್ನು ಕಂಡವರು ಚೆಸ್ಟರ್‌ಫೀಲ್ಡ್ ಕ್ಲಬ್ಬಿಗೆ ಕರೆದೊಯ್ದರು. ನಡುವೆ ಕಡ್ಡಾಯದ ಸೈನ್ಯ ಸೇವೆಗೆ ಜರ್ಮನಿಗೆ ಹೋಗಿಬಂದನು. 1958ರಲ್ಲಿ ಮೂರನೆಯ ದರ್ಜೆಯ ಲೀಗಿನಲ್ಲಿ ಮೊದಲ ಪಂದ್ಯ ಆಡಿದನು. ಮರುವರ್ಷವೇ ಲೆಸ್ಟರ್ ಸಿಟಿ ಕ್ಲಬ್ಬು 7,000 ಪೌಂಡು ಕೊಟ್ಟು ಅವನನ್ನು ಕೊಂಡಿತು.

‘ಕೊಂಡಿತು’ ಎಂಬ ಮಾತನ್ನು ಗಮನಿಸಬೇಕು. ಆ ಹಣ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುವ ಹಣ. ಆಗ ಇಂಗ್ಲೆಂಡಿನಲ್ಲಿ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದೆಂಬ ಕಟ್ಟಳೆ ಇತ್ತು. ಕರಾರು ಮುಗಿದರೂ ಕ್ಲಬ್ಬು ಬಿಡದೆ ಆಟಗಾರ ಬೇರೆಡೆಗೆ ಹೋಗುವಂತಿರಲಿಲ್ಲ. ಆಟಗಾರರ ಸಂಘ ಜಿಮ್ಮಿ ಹಿಲ್ ಎಂಬವನ ಮುಂದಾಳುತನದಲ್ಲಿ ಮುಷ್ಕರದ ಎಚ್ಚರಿಕೆ ಕೊಟ್ಟ ಮೇಲೆ, 1961ರ ಜನವರಿಯಲ್ಲಿ ಸಂಬಳದ ಮಿತಿ ಹೋಯಿತು. ಹಿಡಿದಿಡುವ ಪದ್ಧತಿಯ ವಿರುದ್ಧ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ಕೋರ್ಟಿಗೆ ಹೋಗಿ 1963ರಲ್ಲಿ ಗೆದ್ದನು. ಈ ಹೆಸರನ್ನು ನೆನಪಿಡಿರಿ. ಮುಂದೆ ಮತ್ತೆ ಬರುತ್ತದೆ.

ಲೆಸ್ಟರಿನಲ್ಲಿ ಬ್ಯಾಂಕ್ಸ್ ಮಾಡಿದ ಕೆಲಸವೇ ನಮಗೆ ಮುಖ್ಯ. ಆ ಕಾಲದಲ್ಲಿ ಗೋಲ್‌ಕೀಪರನಿಗೆ ಬೇರೆ ಶಿಕ್ಷಕನೆಂಬುವನಿರಲಿಲ್ಲ. ಎಲ್ಲರ ಜೊತೆ ಓಡಬೇಕು, ಬೆವರಬೇಕು, ಮನೆಗೆ ಹೋಗಬೇಕು. ಇವನು ಮಾತ್ರ ಎಲ್ಲರೂ ಹೋದ ಮೇಲೆ ಒಂದಿಬ್ಬರು ಗೆಳೆಯರನ್ನು ಬೇಡಿಕೊಂಡು ನಿಲ್ಲಿಸಿಕೊಂಡು, ತನ್ನ ಕಡೆಗೆ ಚೆಂಡು ಒದೆಯಿಸಿಕೊಳ್ಳುತ್ತಿದ್ದನು. ಎಲ್ಲಿ ನಿಂತರೆ ಎದುರಾಳಿಗೆ ಗೋಲು ಎಷ್ಟು ಕಾಣುತ್ತದೆ ಎಂದು ಲೆಕ್ಕ ಹಾಕುತ್ತಿದ್ದನು. ಬಾಗಿಲಲ್ಲಿ ನಿಂತವನು ಎರಡು ಹೆಜ್ಜೆ ಮುಂದೆ ಬಂದರೆ ಎದುರಿನವನಿಗೆ ಬಾಗಿಲೇ ಕಿರಿದಾಗಿ ತೋರುತ್ತದಲ್ಲವೇ? ಅದೇ ಲೆಕ್ಕ. ಜನ ಅದೃಷ್ಟವೆಂದು ಬಿಟ್ಟುಕೊಟ್ಟಿದ್ದನ್ನು ಇವನು ಅಭ್ಯಾಸದ ವಿಷಯವನ್ನಾಗಿ ಮಾಡಿಕೊಂಡನು. ಅದೂ ಬಹುಮಟ್ಟಿಗೆ ಬರಿಗೈಯಿಂದಲೇ.

1963ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಪರವಾಗಿ ಮೊದಲ ಬಾರಿಗೆ ಆಡಿದನು. 1966ರ ವಿಶ್ವಕಪ್ಪು ಇಂಗ್ಲೆಂಡಿನಲ್ಲಿಯೇ ನಡೆಯಿತು. ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದು ಗೋಲನ್ನೂ ಅವನು ಬಿಡಲಿಲ್ಲ. ಉಪಾಂತ್ಯದಲ್ಲಿ ಪೋರ್ಚುಗಲ್ಲಿನ ಯುಸೇಬಿಯೊ ಪೆನಾಲ್ಟಿಯಲ್ಲಿ ಹೊಡೆದದ್ದೇ ಮೊದಲ ಗೋಲು. ಜುಲೈ 30ರಂದು ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿ ಇಂಗ್ಲೆಂಡ್ ಕಪ್ಪು ಗೆದ್ದಿತು.

ಅದಾಗಿ ಒಂದು ವರ್ಷವೂ ತುಂಬಿರಲಿಲ್ಲ. ಲೆಸ್ಟರ್ ಕ್ಲಬ್ಬು ಅವನನ್ನು ಮಾರಿತು. ಅಲ್ಲಿ ಪೀಟರ್ ಶಿಲ್ಟನ್ ಎಂಬ ಹದಿನೇಳರ ಹುಡುಗ ತಯಾರಾಗಿದ್ದನು. ವಿಶ್ವವನ್ನು ಗೆದ್ದ ಇಪ್ಪತ್ತೊಂಬತ್ತರ ಗಂಡಸಿಗೆ ನಿನ್ನ ಕಾಲ ಮುಗಿಯಿತೆಂದಂತಾಯಿತು. 1967ರ ಏಪ್ರಿಲಿನಲ್ಲಿ ಸುಮಾರು 50,000 ಪೌಂಡಿಗೆ ಅವನು ಸ್ಟೋಕ್ ಸಿಟಿಗೆ ಹೋದನು. ದೊಡ್ಡ ಊರಿನಿಂದ ಸಣ್ಣ ಊರಿಗೆ ಬದಲಿಯಾದವರು ನಮ್ಮಲ್ಲಿಯೂ ಇದ್ದಾರೆ. ಆ ಮನಸ್ಸು ಎಂಥದೆಂದು ಅವರು ಬಲ್ಲರು.

ಕಾಲ ಮುಗಿದವನ ಕೈಯಿಂದಲೇ, ಮೂರು ವರ್ಷದ ತರುವಾಯ, ಲೋಕ ಇಂದಿಗೂ ಮಾತಾಡುವ ಕೆಲಸ ನಡೆಯಿತು. 1970ನೆಯ ಜೂನ್ 7, ಮೆಕ್ಸಿಕೋದ ಗ್ವಾದಲಹಾರ ನಗರ, ನಡುಮಧ್ಯಾಹ್ನದ ಉರಿಬಿಸಿಲು. ಎದುರಿಗೆ ಬ್ರೆಜಿಲ್. ಜೇರ್‌ಜಿನ್ಯೋ ಬಲಬದಿಯಿಂದ ನುಗ್ಗಿ ಚೆಂಡನ್ನು ಎತ್ತಿ ಹಾಕಿದನು. ಪೆಲೆ ಮೇಲಕ್ಕೆ ನೆಗೆದು, ತಲೆಯಿಂದ ಅದನ್ನು ಕೆಳಮುಖವಾಗಿ ಮೂಲೆಗೆ ಹೊಡೆದನು. ಪೆಲೆ ಗೋಲಾಯಿತೆಂದು ಕೂಗಿಯೂ ಬಿಟ್ಟನು. ಆಗ ಬ್ಯಾಂಕ್ಸ್ ಗೋಲಿನ ಈ ಬದಿಯಿಂದ ಆ ಬದಿಗೆ ಓಡುತ್ತಿದ್ದನು. ಗಟ್ಟಿ ನೆಲದ ಮೇಲೆ ಚೆಂಡು ಪುಟಿಯುತ್ತದೆ, ಪುಟಿದಾಗ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದು ಅಭ್ಯಾಸದಿಂದ ಅವನಿಗೆ ಗೊತ್ತಿತ್ತು. ಹಿಂದಕ್ಕೆ ಬೀಳುತ್ತ ಬಲಗೈ ಚಾಚಿ, ಬೆರಳಿನಿಂದ ಚೆಂಡನ್ನು ಮೇಲಕ್ಕೆ ತಟ್ಟಿದನು. ಅದು ಅಡ್ಡಪಟ್ಟಿಯ ಮೇಲೆ ಹಾರಿಹೋಯಿತು. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಅದರ ಹಿಂದೆ ಹತ್ತು ವರ್ಷದ ಮಧ್ಯಾಹ್ನಗಳು.

ಆ ಪಂದ್ಯವನ್ನು ಇಂಗ್ಲೆಂಡ್ 1-0ರಿಂದ ಸೋತಿತೆಂಬುದನ್ನೂ ಹೇಳಬೇಕು. ಜೇರ್‌ಜಿನ್ಯೋ ಆಮೇಲೆ ಗೋಲು ಹೊಡೆದನು. ಒಂದು ವಾರದ ನಂತರ ಪಶ್ಚಿಮ ಜರ್ಮನಿಯೊಡನೆ ಆಡುವ ದಿನ ಬ್ಯಾಂಕ್ಸ್ ಹೊಟ್ಟೆ ಕೆಟ್ಟು ಮಲಗಿದನು. ಬದಲಿಗೆ ಪೀಟರ್ ಬೊನೆಟ್ಟಿ ನಿಂತನು. 2-0ರಿಂದ ಮುಂದಿದ್ದ ಇಂಗ್ಲೆಂಡ್ 3-2ರಿಂದ ಸೋತಿತು. ಬೊನೆಟ್ಟಿಯೂ ಚೆಲ್ಸಿಯ ಹೆಸರಾಂತ ಗೋಲ್‌ಕೀಪರನೇ. ಆದರೂ ಎಷ್ಟೋ ವರ್ಷಗಳ ಒಳ್ಳೆಯ ಆಟ ಮರೆತುಹೋಗಿ, ಆ ಒಂದು ದಿನವೇ ಜನರ ಬಾಯಲ್ಲಿ ಅವನ ಹೆಸರಿಗೆ ಅಂಟಿಕೊಂಡಿತು. ಸೋತ ಹನ್ನೊಂದು ಜನರಲ್ಲಿ ಒಬ್ಬನ ಮೇಲೆಯೇ ಲೆಕ್ಕ ಬರೆದದ್ದು ನ್ಯಾಯವಲ್ಲ.

1972ರಲ್ಲಿ ಸ್ಟೋಕ್ ಲೀಗ್ ಕಪ್ಪನ್ನು ಗೆದ್ದಿತು. ಆ ಹಳೆಯ ಕ್ಲಬ್ಬಿಗೆ ದೊರೆತ ಮೊದಲ ದೊಡ್ಡ ಕಪ್ಪು ಅದು. ಉಪಾಂತ್ಯದಲ್ಲಿ ಪೆನಾಲ್ಟಿ ಹೊಡೆಯಲು ಬಂದವನು ಜೆಫ್ ಹರ್ಸ್ಟ್, 1966ರ ಅಂತಿಮ ಪಂದ್ಯದಲ್ಲಿ ಮೂರು ಗೋಲು ಹೊಡೆದ ಅದೇ ಒಡನಾಡಿ. ಬ್ಯಾಂಕ್ಸ್ ಅದನ್ನು ತಡೆದನು. ಅಂತಿಮ ಪಂದ್ಯದಲ್ಲಿ ಚೆಲ್ಸಿಯ ಮೇಲೆ ಗೆಲುವಿನ ಗೋಲು ಹೊಡೆದವನಾರು? ಕೋರ್ಟಿಗೆ ಹೋಗಿ ಗೆದ್ದ ಜಾರ್ಜ್ ಈಸ್ಟ್‌ಹ್ಯಾಮ್, ಮೂವತ್ತೈದರ ವಯಸ್ಸಿನಲ್ಲಿ! ಬ್ಯಾಂಕ್ಸನು ಆ ವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ಆರಿಸಿದ ವರ್ಷದ ಆಟಗಾರನಾದನು.

ಅದೇ ವರ್ಷ ಅಕ್ಟೋಬರ್ 22ರಂದು ಅವನ ಮೋಟಾರು ಅಪಘಾತಕ್ಕೆ ಸಿಕ್ಕಿತು. ಗಾಜಿನ ಚೂರು ಹೊಕ್ಕು ಬಲಗಣ್ಣಿನ ದೃಷ್ಟಿ ಹೋಯಿತು. ಒಂದೇ ಕಣ್ಣಿಗೆ ಬರುವ ಚೆಂಡಿನ ದೂರ ಸರಿಯಾಗಿ ತಿಳಿಯದು. ಮತ್ತೆ ಮತ್ತೆ ಯತ್ನಿಸಿ ನೋಡಿ, 1973ರಲ್ಲಿ ಇಂಗ್ಲೆಂಡಿನ ಆಟದಿಂದ ನಿವೃತ್ತನಾದನು. ಇಂಗ್ಲೆಂಡಿನ ಪರವಾಗಿ ಆಡಿದ ಪಂದ್ಯಗಳು 73. ಅವುಗಳಲ್ಲಿ 35ರಲ್ಲಿ ಎದುರಾಳಿಗೆ ಒಂದು ಗೋಲೂ ಇಲ್ಲ. ಯಂತ್ರಕ್ಕೆ ಬೆರಳು ಕೊಟ್ಟವರು ಈ ಸಭೆಯಲ್ಲಿ ಕುಳಿತಿದ್ದಾರೆ. ಕೈಯ ವಿದ್ಯೆ ಇದ್ದಂತೆಯೇ ಇದ್ದು, ದೇಹ ಒಲ್ಲೆನೆಂದಾಗ ಆಗುವ ಸಂಕಟವನ್ನು ಅವರಿಗೆ ನಾವು ಬಣ್ಣಿಸಬೇಕಾಗಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1977ರಲ್ಲಿ ಅವನು ಅಮೆರಿಕೆಯ ಫ್ಲಾರಿಡಾಕ್ಕೆ ಹೋಗಿ, ಫೋರ್ಟ್ ಲಾಡರ್‌ಡೇಲ್ ತಂಡಕ್ಕೆ ಒಂದೇ ಕಣ್ಣಿನಿಂದ ಗೋಲು ಕಾಯ್ದನು; ಆ ವರ್ಷದ ಲೀಗಿನ ಅತ್ಯುತ್ತಮ ಗೋಲ್‌ಕೀಪರನೆಂದು ಹೆಸರಾದನು! ಹೇಗೆ ಸಾಧ್ಯವಾಯಿತು? ಎಲ್ಲಿ ನಿಲ್ಲಬೇಕೆಂಬ ಲೆಕ್ಕ ಕಣ್ಣಿನಲ್ಲಿ ಮಾತ್ರ ಇರಲಿಲ್ಲ, ತಲೆಯಲ್ಲಿಯೂ ಇತ್ತು. ಅದನ್ನು ಗಾಜಿನ ಚೂರು ಕಸಿಯಲಾರದು.

2001ರಲ್ಲಿ ಅವನು ವಿಶ್ವಕಪ್ಪಿನ ಪದಕವನ್ನು ಹರಾಜಿಗಿಟ್ಟನು. 1,24,750 ಪೌಂಡು ಬಂದಿತು. ಮಕ್ಕಳ ಮನೆಗಳಿಗೆ ನೆರವಾಗಲೆಂಬುದು ಅವನ ಉದ್ದೇಶ. ಕೆಲವರು ಹಳಹಳಿಸಿದರು. ನಾವು ಹಾಗೆನ್ನುವುದಿಲ್ಲ. ಹೆಂಡತಿಯ ಕಿವಿಯ ಓಲೆ ಒತ್ತೆಯಿಟ್ಟು ಮಗನ ಫೀ ಕಟ್ಟಿದವರಿಗೆ ಪದಕದ ಬೆಲೆಯೂ ಗೊತ್ತು, ಮಕ್ಕಳ ಬೆಲೆಯೂ ಗೊತ್ತು. 2008ರಲ್ಲಿ ಸ್ಟೋಕಿನಲ್ಲಿ ಅವನ ಪ್ರತಿಮೆಯ ಅನಾವರಣಕ್ಕೆ ಬಂದವರಲ್ಲಿ ಪೆಲೆಯೂ ಇದ್ದನು. 2019ನೆಯ ಫೆಬ್ರವರಿ 12ರಂದು, ಎಂಬತ್ತೊಂದರ ವಯಸ್ಸಿನಲ್ಲಿ, ಬ್ಯಾಂಕ್ಸ್ ತೀರಿಕೊಂಡನು.

ಬಂಧುಗಳೇ, ಯಾರೂ ನೋಡದ ಹೊತ್ತಿನಲ್ಲಿ ಮಾಡಿದ ಅಭ್ಯಾಸವೇ ಎಲ್ಲರೂ ನೋಡುವ ಹೊತ್ತಿನಲ್ಲಿ ಕೈ ಹಿಡಿಯುತ್ತದೆ. ಮೊದಲ ದಿನ ಹನ್ನೆರಡು ಗೋಲು ಬಿಟ್ಟವನು ಕೊನೆಯವರೆಗೂ ಹಾಗೆಯೇ ಇರಬೇಕಾಗಿಲ್ಲ. ಮತ್ತು ನಮ್ಮ ಜೊತೆಗಾರ ಒಂದು ದಿನ ತಪ್ಪಿದಾಗ, ಅವನ ತಪ್ಪದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯೋಣ. ಪಾಳಿ ಮುಗಿದ ಮೇಲಿನ ಒಂದು ತಾಸು ನಮಗೂ ಇದೆ. ಈ ವಾಚನಾಲಯದ ದೀಪ ಉರಿಯುವುದು ಆ ತಾಸಿಗಾಗಿಯೇ.