ಶೈತ್ಯದ ಸಾಧಕರು

1924ರಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳ ಗಣನೆಯನ್ನು ಕುರಿತ ಕಿರುಲೇಖನವೊಂದನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಆ ಮಹನೀಯರು ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಒಪ್ಪಿಸಿದುದಲ್ಲದೆ, ಆ ತತ್ತ್ವವನ್ನು ಪರಮಾಣುಗಳಿಗೂ ಅನ್ವಯಿಸಿ, ಪರಮಶೈತ್ಯದಲ್ಲಿ ಅವು ತಮ್ಮ ಪ್ರತ್ಯೇಕತೆಯನ್ನು ನೀಗಿಕೊಂಡು ಏಕೀಭವಿಸುವುವೆಂದು ಸಾರಿದರು.

ಆ ಮಾತು ಪ್ರತ್ಯಕ್ಷವಾಗುವ ವೇಳೆಗೆ ಸುಮಾರು 70 ವರ್ಷಗಳು ಸಂದುವು. ತಣಿಸುವುದೆಂದರೆ ಪರಮಾಣುಗಳ ಓಟವನ್ನು ತಗ್ಗಿಸುವುದು. ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಿಂದ ಧಾವಿಸುವ ರುಬಿಡಿಯಂ ಪರಮಾಣುವಿಗೆ ಲೇಸರ್ ಕಿರಣವನ್ನು ಎದುರೊಡ್ಡಿದರೆ, ಒಂದೊಂದು ಬೆಳಕಿನ ಕಣವೂ ತಗ್ಗಿಸಬಲ್ಲ ವೇಗ ಸೆಕೆಂಡಿಗೆ ಕೇವಲ 6 ಮಿಲಿಮೀಟರ್. ಹತ್ತಾರು ಸಾವಿರ ಸಲ ತಾಕಿದ ಬಳಿಕವೇ ಅದರ ಓಟ ಅಡಗುವುದು. ಅನಂತರ, ಆವಿಯೇಳುತ್ತ ಬಿಸಿಹಾಲು ಆರುವಂತೆ, ಕಾಂತಕ್ಷೇತ್ರದಲ್ಲಿ ಬಂಧಿಸಿಟ್ಟ ಪರಮಾಣುಗಳಲ್ಲಿ ಚುರುಕಾದುವನ್ನು ಹೊರಬಿಟ್ಟು ಉಳಿದುವನ್ನು ಮತ್ತಷ್ಟು ತಣಿಸಬೇಕು. ಈ ಕ್ರಮದಿಂದಲೇ 1995ರ ಜೂನ್ ತಿಂಗಳಲ್ಲಿ, ಅಮೆರಿಕದ ಬೌಲ್ಡರ್ ನಗರದಲ್ಲಿ, ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಅವರು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಭಾಗದಲ್ಲಿ ಎರಡರಷ್ಟೂ ಮೇಲಿಲ್ಲದ ಶೈತ್ಯವನ್ನು ಸಾಧಿಸಿ, ಸುಮಾರು 2000 ಪರಮಾಣುಗಳು ಏಕತ್ವವನ್ನು ಪಡೆದುದನ್ನು ಕಂಡರು. ಬೋಸರು 1974ರಲ್ಲೇ ಕೀರ್ತಿಶೇಷರಾಗಿದ್ದರು.

ಇಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಶೀತಲ ಪರಮಾಣುಗಳ ಅಧ್ಯಯನ ನಡೆದಿದೆ. ಅತಿನಿಖರವಾದ ಗಡಿಯಾರ, ಗುರುತ್ವವನ್ನಳೆಯುವ ಉಪಕರಣ, ಕ್ವಾಂಟಂ ಗಣಕಯಂತ್ರ, ಇವು ಆ ವಿದ್ಯೆಯಿಂದ ಲೋಕವು ನಿರೀಕ್ಷಿಸುವ ಫಲಗಳು. ಆದರೆ ಫಲದ ಸುಳಿವೇ ಇಲ್ಲದಿದ್ದ ಕಾಲದಲ್ಲಿ, ಸತ್ಯವನ್ನರಿಯುವ ಒಂದೇ ಹಂಬಲದಿಂದ ದುಡಿದವರ ಶ್ರಮವೇ ಇದಕ್ಕೆ ಮೂಲ. ತಕ್ಷಣದ ಲಾಭವನ್ನೇ ಅಳತೆಗೋಲಾಗಿ ಹಿಡಿಯುವ ಸಮಾಜ ಇಂತಹ ವಿದ್ಯೆಯನ್ನು ಬೆಳೆಸಲಾರದು. ತಲೆಮಾರುಗಳ ತಾಳ್ಮೆಯನ್ನು ಗೌರವಿಸುವ ಸಮಾಜವೇ ಬೆಳೆಸಬಲ್ಲುದು.