ಸಣ್ಣ ಉದ್ಯಮಿಯ ಸಾಲ, ದೊಡ್ಡ ವರ್ತಕನ ಬಾಕಿ



ಬಂಡವಾಳವಿಲ್ಲದೆ ಉದ್ಯಮ ಬೆಳೆಯದು. ಆಸ್ತಿಯಿಲ್ಲದವನಿಗೆ ಬಂಡವಾಳ ದೊರೆಯದು. ಅಡವಿಡಲು ಭೂಮಿಯುಳ್ಳವನು ಬ್ಯಾಂಕಿನ ಸಾಲ ಪಡೆದು ಒಂದು ಯಂತ್ರವನ್ನು ಎರಡಾಗಿಸುತ್ತಾನೆ. ಅವನಷ್ಟೇ ಕುಶಲನಾದರೂ ಬಾಡಿಗೆ ಮಳಿಗೆಯಲ್ಲಿ ದುಡಿಯುವವನು ದುಬಾರಿ ಕೈಸಾಲಕ್ಕೆ ಶರಣಾಗುತ್ತಾನೆ. ಹೀಗೆ ತಂದೆಯ ಆಸ್ತಿಯೇ ಮಗನ ಆದಾಯವನ್ನು ನಿರ್ಧರಿಸುತ್ತದೆ.

ಈ ಸರಪಳಿಯನ್ನು ಸಡಿಲಿಸಲು ಸಾಧ್ಯವೆಂಬುದಕ್ಕೆ ನಿದರ್ಶನಗಳುಂಟು. 1925ರಲ್ಲಿ ಉಡುಪಿಯಲ್ಲಿ ಜನಿಸಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಉಳಿತಾಯವನ್ನೂ ಮನೆಬಾಗಿಲಲ್ಲಿ ಸಂಗ್ರಹಿಸಿತು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು. 1977ರಿಂದ 1990ರವರೆಗೆ, ಬ್ಯಾಂಕಿರುವ ಊರಿನಲ್ಲಿ ಒಂದು ಹೊಸ ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕನ್ನು ತೆರೆಯಬೇಕೆಂಬ ನಿಯಮವಿತ್ತು. ಈ ವಿಸ್ತರಣೆಯಿಂದ ಗ್ರಾಮೀಣ ಬಡತನ ತಗ್ಗಿತೆಂದು ಅರ್ಥಶಾಸ್ತ್ರಜ್ಞರಾದ ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದರು. ಆ ಶಾಖೆಗಳಲ್ಲಿ ಮರುಪಾವತಿಯಾಗದ ಸಾಲವೂ ಹೆಚ್ಚಿತ್ತು ಎಂಬುದನ್ನು ಮರೆಯುವಂತಿಲ್ಲ.

ಸಾಲ ಸುಲಭವಾದ ಮಾತ್ರಕ್ಕೆ ಸಮಾನತೆ ಬಾರದು. ಆಂಧ್ರಪ್ರದೇಶದಲ್ಲಿ ಒಂದೇ ಮನೆಗೆ ಹಲವು ಕಿರುಸಾಲಗಳು ಹರಿದು, ವಸೂಲಿಯ ಕಿರುಕುಳ ಮಿತಿಮೀರಿ, 2010ರ ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆ ಅಡಮಾನವಿಲ್ಲದೆ ಸಾಲ ನೀಡುತ್ತದೆ. ಆದರೆ ಅದರ ಖಾತೆಗಳಲ್ಲಿ ಬಹುಪಾಲು 50,000 ರೂಪಾಯಿ ಮಿತಿಯ ‘ಶಿಶು’ ವರ್ಗದವು. ಅಷ್ಟು ಹಣ ತಳ್ಳುಗಾಡಿಯನ್ನು ಉಳಿಸೀತು; ಇನ್ನೊಬ್ಬನಿಗೆ ಕೆಲಸ ಕೊಡುವಷ್ಟು ಬೆಳೆಸುವುದು ಕಷ್ಟ.

ಬ್ಯಾಂಕಿನ ಹೊರಗೆ ಇನ್ನೊಂದು ಸಾಲವಿದೆ; ಅದರ ಚರ್ಚೆ ವಿರಳ. ಧಾರಾವಿಯ ಹೊಲಿಗೆ ಮನೆಯಾಗಲಿ, ಭಿವಂಡಿಯ ಮಗ್ಗದ ಮನೆಯಾಗಲಿ, ಸರಕು ಕಳುಹಿಸಿದ ಮೇಲೆ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವಾಗ, ಬಡವನೇ ಸಿರಿವಂತನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಗುತ್ತದೆ. ಆ ಅವಧಿಯಲ್ಲಿ ಕೂಲಿ ತೆರಲು ಅವನು ಬಡ್ಡಿಗೆ ಹಣ ತರುತ್ತಾನೆ. ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎಂದು 2006ರ ಕಾಯಿದೆ ವಿಧಿಸಿದೆ. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಸಣ್ಣವನು ಬಾಯಿ ಬಿಡುವುದಿಲ್ಲ. ಕಾಯಿದೆ ಅವನ ಪರವಾಗಿದ್ದರೂ ಮಾರುಕಟ್ಟೆ ಅವನ ಪರವಾಗಿಲ್ಲ.

ಬ್ಯಾಂಕುಗಳ ಸುಧಾರಣೆ ಸರ್ಕಾರದ ಹೊಣೆ. ಬಾಕಿ ತೀರಿಸುವುದು ವರ್ತಕರ ಹೊಣೆ. ಅದಕ್ಕೆ ಹೊಸ ಯೋಜನೆ ಬೇಕಿಲ್ಲ, ಬಜೆಟ್ಟಿಗಾಗಿ ಕಾಯಬೇಕಿಲ್ಲ. ಸಭೆಯಲ್ಲಿರುವ ಪ್ರತಿಯೊಬ್ಬ ವರ್ತಕರೂ ನಾಳೆ ಬೆಳಿಗ್ಗೆ ಖಾತೆ ಪುಸ್ತಕ ತೆರೆದು, 45 ದಿನ ಮೀರಿದ ಸಣ್ಣವರ ಬಿಲ್ಲುಗಳನ್ನು ಮೊದಲು ಪಾವತಿಸಲಿ. ಆರ್ಥಿಕ ನ್ಯಾಯದ ಮಾತು ಆಮೇಲೆ ಶೋಭಿಸುತ್ತದೆ.