ಹಸುಗೂಸಿನ ಮಲದ್ವಾರ: ಹುಟ್ಟಿದ ದಿನವೇ ನೋಡಿರಿ



ಆಕಳು ಕರು ಹಾಕಿದಾಗ ಅನುಭವವುಳ್ಳ ರೈತ ಬಾಲ ಎತ್ತಿ ನೋಡುತ್ತಾನೆ. ಗಿಣ್ಣು ಕುಡಿದ ಕರು ಸಗಣಿ ಹಾಕದಿದ್ದರೆ ಪಶುವೈದ್ಯರಿಗೆ ಹೇಳಿ ಕಳಿಸುತ್ತಾನೆ. ಮಲದ್ವಾರವಿಲ್ಲದ ಕರು ಅಪರೂಪಕ್ಕೆ ಹುಟ್ಟುವಂತೆ ಅಂತಹ ಮಗುವೂ ಹುಟ್ಟುವುದುಂಟು. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುತ್ತದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಇದರ ತಿಳಿವಳಿಕೆ ಅಗತ್ಯ.

ಗರ್ಭ ಧರಿಸಿದ ಮೊದಲ ಎರಡು ತಿಂಗಳಲ್ಲಿ ಭ್ರೂಣದ ಕರುಳಿನ ತುದಿಗೂ ಮೂತ್ರದ ದಾರಿಗೂ ಒಂದೇ ಕುಹರವಿರುತ್ತದೆ. ಮುಂದೆ ಅದು ಎರಡಾಗಬೇಕು. ಈ ಬೆಳವಣಿಗೆ ಅರ್ಧಕ್ಕೆ ನಿಂತರೆ ಮಲದ್ವಾರ ಮುಚ್ಚಿಕೊಂಡಿರುತ್ತದೆ, ಇಲ್ಲವೆ ತಪ್ಪು ಜಾಗದಲ್ಲಿ ತೆರೆದುಕೊಳ್ಳುತ್ತದೆ. ಗ್ರಹಣವಾಗಲಿ, ದೃಷ್ಟಿಯಾಗಲಿ ಇದಕ್ಕೆ ಕಾರಣವಲ್ಲ. ತಾಯಿಯನ್ನು ದೂರುವುದು ಅನ್ಯಾಯ.

ತಡವಾಗಿ ತಿಳಿಯುವುದೇಕೆ?

ಮಲದ್ವಾರದ ಜಾಗದಲ್ಲಿ ಬರಿಯ ಗುಳಿಯಿದ್ದರೂ ಮೇಲುನೋಟಕ್ಕೆ ರಂಧ್ರದಂತೆ ಕಾಣುತ್ತದೆ. ಹೆಣ್ಣುಮಕ್ಕಳಲ್ಲಿ ಜನನಾಂಗದ ಬಳಿ ಸಣ್ಣ ರಂಧ್ರವೊಂದಿದ್ದು ಅದರಿಂದ ಮಲ ಬರುವುದುಂಟು. ಬಟ್ಟೆಗೆ ಮಲ ತಾಗಿದ್ದನ್ನು ಕಂಡು ಮನೆಯವರು ನಿಶ್ಚಿಂತರಾಗುತ್ತಾರೆ. ತಾಯಿಯ ಹಾಲಷ್ಟೇ ಕುಡಿಯುವಾಗ ಮಲ ತೆಳುವಾಗಿರುವುದರಿಂದ ದಿನಗಳು ಸಾಗುತ್ತವೆ. ಆರು ತಿಂಗಳಿಗೆ ರಾಗಿ ಸರಿ, ಅನ್ನ ತಿನ್ನಿಸತೊಡಗಿದಾಗ ಮಲ ಗಟ್ಟಿಯಾಗಿ ಆ ಸಣ್ಣ ದಾರಿ ಸಾಲದಾಗುತ್ತದೆ. ಹೊಟ್ಟೆ ಉಬ್ಬುತ್ತದೆ, ಮಗು ತಿಣುಕಿ ಅಳುತ್ತದೆ. ಆಗ ಹರಳೆಣ್ಣೆ ಕುಡಿಸುವುದು, ವೀಳ್ಯದೆಲೆಯ ತೊಟ್ಟು ಹಾಕುವುದು ನಡೆದು ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಕರುಳು ಹಿಗ್ಗಿ ಬಲ ಕಳೆದುಕೊಂಡಿರುತ್ತದೆ.

ಗಂಡುಮಕ್ಕಳಲ್ಲಿ ಕರುಳು ಮೂತ್ರನಾಳಕ್ಕೆ ಸೇರಿಕೊಂಡಿದ್ದರೆ ಮೂತ್ರದಲ್ಲಿ ಹಸಿರು ಬಣ್ಣ ಕಾಣುತ್ತದೆ. ದಾರಿಯೇ ಇಲ್ಲದಿದ್ದರೆ ಒಂದೆರಡು ದಿನಗಳಲ್ಲಿ ಹೊಟ್ಟೆ ಉಬ್ಬಿ ಹಸಿರು ವಾಂತಿಯಾಗುತ್ತದೆ. ಕರುಳು ಒಡೆದರೆ ಪ್ರಾಣಾಪಾಯ.

ಏನು ಮಾಡಬೇಕು?

ಹೆರಿಗೆಯಾದ ದಿನವೇ ಬೆಳಕಿನಲ್ಲಿ ಕೂಸಿನ ಕಾಲುಗಳನ್ನೆತ್ತಿ ಮಲದ್ವಾರ ಸರಿಯಾದ ಜಾಗದಲ್ಲಿದೆಯೇ ನೋಡಬೇಕು. ಕಪ್ಪು ಹಸಿರು ಬಣ್ಣದ, ಜಿಗುಟಾದ ಮೊದಲ ಮಲ 24 ಗಂಟೆಗಳೊಳಗೆ ಬಂದಿತೇ, ಎಲ್ಲಿಂದ ಬಂದಿತು ಎಂಬುದನ್ನು ಗಮನಿಸಬೇಕು. ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆಯೂ ಇದನ್ನು ತಪ್ಪದೆ ಕೇಳಬೇಕು.

ಅನುಮಾನ ಬಂದರೆ ಏನನ್ನೂ ತುರುಕಬಾರದು, ಬ್ಲೇಡಿನಿಂದ ಕೊಯ್ಯಬಾರದು. ಹಾಲೂಡಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಕೂಸನ್ನು ಬೆಚ್ಚಗೆ ಸುತ್ತಿ 108 ವಾಹನದಲ್ಲಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ವೈದ್ಯರು ಹೇಳಿದಂತೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಒಯ್ಯಬೇಕು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ.; ಸೊರಬದಿಂದ ಇನ್ನೂ ದೂರ. ಆದ್ದರಿಂದ ಬೆಳಗಾಗಲೆಂದು ಕಾಯುವುದು ತರವಲ್ಲ. ಮಕ್ಕಳ ಶಸ್ತ್ರಚಿಕಿತ್ಸೆ ವಿಭಾಗ ಮಣಿಪಾಲದಲ್ಲಿಯೂ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿಯೂ ಇದೆ. ಸರ್ಕಾರದ ಆರೋಗ್ಯ ಕಾರ್ಡು, ಪಡಿತರ ಚೀಟಿ ಜೊತೆಗಿರಲಿ.

ಚಿಕಿತ್ಸೆಯ ಕ್ರಮ

ದೋಷ ಸಣ್ಣದಾಗಿದ್ದರೆ ಒಂದೇ ಶಸ್ತ್ರಚಿಕಿತ್ಸೆ ಸಾಕು. ದೊಡ್ಡದಾಗಿದ್ದರೆ ಸಾಮಾನ್ಯವಾಗಿ ಮೂರು ಹಂತಗಳು. ಮೊದಲು ಹೊಟ್ಟೆಯ ಮೇಲೆ ತಾತ್ಕಾಲಿಕ ದಾರಿ ಮಾಡಿ ಮಲ ಹೊರಬಿಡುತ್ತಾರೆ. ಕೆಲವು ತಿಂಗಳ ನಂತರ ಹೊಸ ಮಲದ್ವಾರ ರಚಿಸುತ್ತಾರೆ. ಅದು ಮಾಗಿದ ಮೇಲೆ ಹೊಟ್ಟೆಯ ದಾರಿ ಮುಚ್ಚುತ್ತಾರೆ. ಡಾ. ಆಲ್ಬರ್ಟೊ ಪೆನ್ಯಾ ಮತ್ತು ಡಿ ವ್ರೀಸ್ 1982ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮಗುವನ್ನು ಬೋರಲು ಮಲಗಿಸಿ, ಹಿಂಬದಿಯ ನಡುಗೆರೆಯಲ್ಲಿ ಕೊಯ್ದು, ಮಲ ತಡೆಹಿಡಿಯುವ ಸ್ನಾಯುಗಳನ್ನು ಗುರುತಿಸಿ, ಅವುಗಳ ನಡುವೆ ಕರುಳನ್ನು ಕೂರಿಸುತ್ತಾರೆ. ಹೃದಯ, ಮೂತ್ರಪಿಂಡ, ಬೆನ್ನೆಲುಬುಗಳಲ್ಲಿಯೂ ದೋಷವಿರಬಹುದಾದ್ದರಿಂದ ಅವುಗಳ ತಪಾಸಣೆಯೂ ಆಗಬೇಕು.

ಶಸ್ತ್ರಚಿಕಿತ್ಸೆಯೊಂದಿಗೆ ಕೆಲಸ ಮುಗಿಯಲಿಲ್ಲ. ಹೊಸ ದ್ವಾರ ಕಿರಿದಾಗದಂತೆ ವೈದ್ಯರು ಕಲಿಸಿದ ಸಲಕರಣೆಯಿಂದ ಮನೆಯಲ್ಲಿ ಪ್ರತಿದಿನ ಹಿಗ್ಗಿಸುತ್ತಿರಬೇಕು. ನಾಟಿಯ ಗಡಿಬಿಡಿ, ಅಡಿಕೆ ಕೊಯ್ಲು ಎಂದು ಇದನ್ನು ಬಿಟ್ಟರೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಪಡಿಸಬೇಕಾದೀತು. ಮಲಬದ್ಧತೆ ವರ್ಷಗಟ್ಟಲೆ ಕಾಡಬಹುದು, ಅದಕ್ಕೂ ಔಷಧಿಯಿದೆ.

ತಡವಾಗಿ ಪತ್ತೆಯಾದ ಮಗುವಿಗೂ ಚಿಕಿತ್ಸೆಯುಂಟು. ಶಾಲೆಗೆ ಹೋಗುವ ಹುಡುಗಿಗೆ ಈ ತೊಂದರೆಯಿದ್ದರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.